ಅಳು ಕೇಳಿದರೆ ನಿಲ್ಲುವ ದೇವದೂತ

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ ಹವಳಪುರವೆಂಬ ಒಂದು ರಾಜ್ಯವಿತ್ತು. ಅಲ್ಲಿ ಯಾರೂ ಕತ್ತಿ ಹಿಡಿದು ಯುದ್ಧ ಮಾಡುತ್ತಿರಲಿಲ್ಲ. ಜಗಳ ಬಂದರೆ ಅರಮನೆಯ ಅಂಗಳದಲ್ಲಿ ಮಾಯದ ಹಾಸು ಬಿಚ್ಚಿ, ಎದುರುಬದುರು ಕೂತು ದಾಳ ಉರುಳಿಸುತ್ತಿದ್ದರು. ಹಾಸಿನ ಮೇಲಿಟ್ಟ ಮರದ ಕಾಯಿಗಳು ಜೀವ ತಳೆದು, ಆಳೆತ್ತರ ಬೆಳೆದು, ತಾವೇ ಹೋರಾಡುತ್ತಿದ್ದವು. ಮನುಷ್ಯರು ಮಾತ್ರ ಹಾಸಿನ ಮೇಲೆ ಕಾಲಿಡುವಂತಿರಲಿಲ್ಲ.

ಆಟಕ್ಕೊಂದು ಕಟ್ಟಳೆಯಿತ್ತು. ಕಾಯಿ ಮಾಡಿದವರು ಅದನ್ನು ಇಡುವ ಮುಂಚೆ ಅದರ ಕೊರತೆಯನ್ನು ಎಲ್ಲರಿಗೂ ಕೇಳುವಂತೆ ಹೇಳಬೇಕು. ಕೊರತೆಯಿಲ್ಲದ ಕಾಯಿಗೆ ಜೀವ ಬರುತ್ತಿರಲಿಲ್ಲ.

ರಾಜನಿಗೆ ಕಾಯಿ ಕೆತ್ತಿಕೊಡುತ್ತಿದ್ದವಳು ಮಾಚಲೆ. ಕೈ ಚುರುಕು, ಬಾಯಿ ಇನ್ನೂ ಚುರುಕು. ಅವಳ ತಮ್ಮ ಬೊಪ್ಪಣ್ಣ ಕಾಯಿಗಳಿಗೆ ಅರಗಿನ ಬಣ್ಣ ಹಚ್ಚುತ್ತಿದ್ದ. ಆದರೆ ಬೀದಿಯಲ್ಲಿ ಯಾರಾದರೂ ಅತ್ತ ಸದ್ದು ಕೇಳಿದರೆ ಸಾಕು, ಕೈಲಿದ್ದದ್ದನ್ನು ಅಲ್ಲೇ ಬಿಟ್ಟು ಓಡುತ್ತಿದ್ದ.

"ಊರಿನವರ ಕಣ್ಣೀರನ್ನೆಲ್ಲ ನಿನಗೇ ಗುತ್ತಿಗೆ ಕೊಟ್ಟಿದಾರೇನೋ?" ಎಂದು ಮಾಚಲೆ ಬೈಯುತ್ತಿದ್ದಳು.

ಬೈಯುವುದಕ್ಕೂ ಈಗ ಬೊಪ್ಪಣ್ಣನಿರಲಿಲ್ಲ. ಕಾಳಜಂಘನೆಂಬ ಮಾಂತ್ರಿಕ ಹವಳಪುರವೇ ತನಗೆ ಬೇಕೆಂದು ಆಟಕ್ಕೆ ಬಂದಿದ್ದ. ರಾಜ ಬಿಜ್ಜರಸನ ಪರವಾಗಿ ಮೊದಲು ದಾಳ ಹಾಕಿದ ಬೊಪ್ಪಣ್ಣ ಸೋತ. ದಾಳ ಹಾಕಿ ಸೋತವರ ಮೇಲೆ ಕಾಳಜಂಘ ಬೂದಿ ಎರಚಿ ತನ್ನ ಕಾಯಿ ಮಾಡಿಕೊಳ್ಳುತ್ತಿದ್ದ. ಚೇಳಿನ ಬಾಲದ ನರಿ, ಹಂದಿಯ ಕೋರೆಯ ಕರಡಿ, ಎಲ್ಲ ಹಾಗೆ ಬಂದವೇ. ಬೊಪ್ಪಣ್ಣ ಮೊಸಳೆಬಾಯಿಯ ಹುಲಿಯಾದ.

ತನ್ನ ಮೃಗಗಳ ಕೊರತೆಯನ್ನು ಕಾಳಜಂಘ ನಗುತ್ತಲೇ ಹೇಳಿದ್ದ. "ಇವಕ್ಕೆ ತಮ್ಮ ಹೆಸರು ಮರೆತುಹೋಗಿದೆ. ಯಾರಾದ್ರೂ ಮೈಮುಟ್ಟಿ ಅಕ್ಕರೆಯಿಂದ ಹೆಸರು ಕೇಳಿದ್ರೆ ಮತ್ತೆ ಮನುಷ್ಯರಾಗ್ತಾರೆ. ಈ ಹಲ್ಲಿನ ಹತ್ತಿರ ಬರೋರು ಯಾರಪ್ಪಾ, ಬನ್ನಿ ನೋಡೋಣ!"

ರಾಜ ಮಾಚಲೆಯನ್ನು ಕರೆಸಿದ. "ಸ್ವರ್ಗದ ದೇವದೂತನನ್ನು ಕೆತ್ತು. ಹುಣ್ಣಿಮೆಯೊಳಗೆ ಗೆಲ್ಲದಿದ್ದರೆ ರಾಜ್ಯವೂ ಹೋಯಿತು, ನಿನ್ನ ತಮ್ಮನೂ ಮೃಗವಾಗಿಯೇ ಉಳಿದ."

ಮಾಚಲೆ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಬೆಂಕಿಯ ರೆಕ್ಕೆಯ ದೇವದೂತನನ್ನು ಕೆತ್ತಿ ತಂದಳು. "ನೀರು ತಾಕಿದರೆ ಆರಿಹೋಗ್ತಾನೆ" ಎಂದು ಕೊರತೆ ಹೇಳಿದಳು. ಕಾಳಜಂಘ ಚಪ್ಪಾಳೆ ತಟ್ಟಿ ಮೋಡ ಕರೆದ. ಹಾಸಿನ ಮೇಲೆ ಹಿಡಿ ಮಸಿ ಉಳಿಯಿತು.

ಮಾಚಲೆ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಕಂಚಿನ ಮೈಯ ದೇವದೂತನನ್ನು ತಂದಳು. "ಬಿದ್ದರೆ ತಾನಾಗಿ ಏಳಲಾರ" ಎಂದಳು. ಕಾಳಜಂಘ ಮೃಗಗಳ ಕೈಲಿ ಗುಂಡಿ ತೋಡಿಸಿದ. ದೇವದೂತ ಅದರೊಳಗೆ ಬಿದ್ದು ಅಂಗಾತ ಮಲಗಿಯೇ ಉಳಿದ.

ಮೂರನೆಯ ಸಲ ಉಳಿ ಕೈಲಿ ಹಿಡಿದು ಮನೆಯೆಲ್ಲ ಸುತ್ತಿದಳು. ಯಾವ ಬಲ ಕೊಟ್ಟರೂ ಕೊರತೆ ಹೇಳಲೇಬೇಕು, ಹೇಳಿದ್ದನ್ನೇ ಅವನು ಹಿಡಿಯುತ್ತಾನೆ. ಏನು ಮಾಡಿಯಾಳು? ಅಷ್ಟರಲ್ಲಿ ಬೀದಿಯಲ್ಲೊಂದು ಮಗು ಅತ್ತಿತು. ಅಭ್ಯಾಸಬಲದಿಂದ ಮಾಚಲೆ ಬೈಯಲು ತಿರುಗಿದಳು. ತಮ್ಮ ಕೂರುತ್ತಿದ್ದ ಮಣೆ ಖಾಲಿಯಿತ್ತು. ಮಗು ಅಳುತ್ತಲೇ ಇತ್ತು, ಓಡಿಹೋಗುವವರು ಯಾರೂ ಇರಲಿಲ್ಲ. ಮಾಚಲೆ ತಾನೇ ಓಡಿಹೋಗಿ ಮಗುವನ್ನು ಸಮಾಧಾನ ಮಾಡಿ ಬಂದಳು. ಬಂದವಳೇ ಮರ ಎತ್ತಿಕೊಂಡಳು. ಅವಳ ಕೈ ಆಮೇಲೆ ನಿಲ್ಲಲಿಲ್ಲ.

ಹುಣ್ಣಿಮೆಯ ಬೆಳಿಗ್ಗೆ ಅವಳು ತಂದ ದೇವದೂತನಿಗೆ ಸಾದಾ ಮುಖ, ಬರಿಗೈ.

"ಕತ್ತಿಯೆಲ್ಲಿ?" ಎಂದ ರಾಜ.

"ಕತ್ತಿ ಹಿಡಿದ ಕೈಲಿ ಕಣ್ಣೀರು ಒರೆಸೋದು ಹೇಗೆ, ಮಹಾಪ್ರಭು?" ಎಂದವಳೇ ಹಾಸಿನ ಕಡೆ ತಿರುಗಿ ಕೊರತೆ ಹೇಳಿದಳು. "ಯಾರು ಅತ್ತರೂ ಇವನು ಯುದ್ಧ ಬಿಟ್ಟು ಅಲ್ಲಿಗೆ ಹೋಗ್ತಾನೆ. ಅಳು ನಿಲ್ಲೋವರೆಗೂ ಏಳೋದಿಲ್ಲ."

ಕಾಳಜಂಘ ಹೊಟ್ಟೆ ಹಿಡಿದುಕೊಂಡು ನಕ್ಕ. ಚಾಟಿ ಎತ್ತಿ ತನ್ನ ಮೃಗಗಳಿಗೆ ರಪರಪನೆ ಬಾರಿಸಿದ. "ಅಳ್ರೋ! ಹತ್ತಿರ ಬಂದಾಗ ಸೀಳಿಹಾಕಿ!"

ಮೃಗಗಳು ಊಳಿಟ್ಟು ಅತ್ತವು. ದೇವದೂತ ನೇರವಾಗಿ ಮೊಸಳೆಬಾಯಿಯ ಹುಲಿಯ ಬಳಿ ಹೋಗಿ ಕೂತ. ಹುಲಿ ಅವನ ರೆಕ್ಕೆಗೆ ಬಾಯಿ ಹಾಕಿ ಕಿತ್ತಿತು. ದೇವದೂತ ಏಳಲಿಲ್ಲ. ಹುಲಿಯ ಕಣ್ಣೊರೆಸಿ, ತಲೆ ನೇವರಿಸಿ, ಅಳುವ ಯಾರನ್ನಾದರೂ ಕೇಳುವಂತೆ ಕೇಳಿದ. "ಯಾಕಪ್ಪಾ, ಏನಾಯ್ತು? ನಿನ್ನ ಹೆಸರೇನು?"

ಹುಲಿ ಬಾಯಿಬಿಟ್ಟಿತು. ರೆಕ್ಕೆ ಕೆಳಗೆ ಬಿತ್ತು.

"ಬೊಪ್ಪಣ್ಣ" ಎಂದಿತು. ಅಂದದ್ದೇ ತಡ, ಹಲ್ಲು ಹೋಯಿತು, ಬಾಲ ಹೋಯಿತು, ಬೊಪ್ಪಣ್ಣ ಹಾಸಿನಾಚೆ ಅಕ್ಕನ ಕಾಲ ಬಳಿ ಬಂದು ಬಿದ್ದ. ದೇವದೂತ ಆಗಲೇ ನರಿಯ ಬಳಿ ಕೂತಿದ್ದ. ಆಮೇಲೆ ಕರಡಿಯ ಬಳಿ. ಕಾಳಜಂಘ ಗಾಬರಿಯಿಂದ "ಅಳಬೇಡ್ರೋ!" ಎಂದು ಕಿರುಚಿದ. ಹೊಡೆದು ಅಳಿಸಬಹುದು, ಹೊಡೆದು ಅಳು ನಿಲ್ಲಿಸಲಾದೀತೇ? ಒಂದೊಂದಾಗಿ ಮೃಗಗಳೆಲ್ಲ ಮನುಷ್ಯರಾಗಿ ಮನೆಯವರ ಕೊರಳಿಗೆ ಬಿದ್ದರು.

ಹಾಸು ಖಾಲಿಯಾಯಿತು. ಕಾಳಜಂಘನ ಚಾಟಿ ಬೂದಿಯಾಯಿತು. ಅವನು ಮುಖ ಮುಚ್ಚಿಕೊಂಡು ಬಿಕ್ಕಿದ. ದೇವದೂತ ಹಾಸು ದಾಟಿ ಅವನ ಪಕ್ಕದಲ್ಲೂ ಹೋಗಿ ಕೂತ.

"ಅವನಿಗಲ್ಲ! ಅವನಿಗೆ ಬೇಡ!" ಎಂದು ರಾಜ ಅರಚಿದ.

"ಅದೇ ದೇವದೂತನ ಕೊರತೆ, ಮಹಾಪ್ರಭು" ಎಂದಳು ಮಾಚಲೆ. "ಎಲ್ಲರಿಗೂ ಕೇಳೋ ಹಾಗೆ ಮೊದಲೇ ಹೇಳಿದ್ದೆ."

ದೇವದೂತ ತಲೆ ನೇವರಿಸಿ ಹೆಸರು ಕೇಳಿದಾಗ ಕಾಳಜಂಘ ಮೆಲ್ಲಗೆ ಏನೋ ಹೆಸರು ಹೇಳಿದ. ಅದು ದೇವದೂತನಿಗೆ ಮಾತ್ರ ಕೇಳಿಸಿತು. ಮಂತ್ರವೆಲ್ಲ ಇಳಿದುಹೋಗಿ, ಬಡಕಲು ಮುದುಕನೊಬ್ಬ ಎದ್ದು ಕೈಮುಗಿದು ಊರು ಬಿಟ್ಟ. ಒಂಟಿ ರೆಕ್ಕೆಯ ದೇವದೂತನೂ ಕಿವಿಗೊಟ್ಟು ಕೇಳುತ್ತ ಬೇರೊಂದು ದಿಕ್ಕಿಗೆ ನಡೆದ. ಎಲ್ಲೋ ಯಾರೋ ಅಳುತ್ತಿದ್ದರು.

ಅಂದಿನಿಂದ ಹವಳಪುರದಲ್ಲಿ ಯಾರೂ ಹಾಸು ಬಿಚ್ಚಲಿಲ್ಲ. ಎಲ್ಲರೂ ಉಂಡುಟ್ಟು ಸುಖವಾಗಿದ್ದರು. ಬೊಪ್ಪಣ್ಣ ಮಾತ್ರ ಇವತ್ತಿಗೂ ನೆಟ್ಟಗೆ ಊಟ ಮುಗಿಸಿದವನಲ್ಲ. ಬೀದಿಯಲ್ಲಿ ಅಳು ಕೇಳಿದರೆ ಎದ್ದೇಬಿಡುತ್ತಾನೆ. ಮಾಚಲೆ ಬೈಯುವುದಿಲ್ಲ. ಅವನ ತಟ್ಟೆ ಮುಚ್ಚಿಟ್ಟು, ಬಾಗಿಲು ತೆರೆದಿಟ್ಟು, ಬರುವವರೆಗೂ ಕಾಯುತ್ತಾಳೆ.