ಹನ್ನೊಂದು ವರ್ಷದ ಎದೆನೋವು

“ಎದೆನೋವು ಎಷ್ಟು ಸಮಯದಿಂದ ಇದೆ?”

ಬಂಟ್ವಾಳದ ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ್ದು ಇಷ್ಟೇ. ಬೆವರುತ್ತಾ ಮಲಗಿದ್ದ ಶೇಖರ ಉತ್ತರ ಕೊಡುವ ಮೊದಲು, ಕಾಲ ಬಳಿ ನಿಂತಿದ್ದ ಹೆಂಡತಿಯ ಕಡೆ ಒಮ್ಮೆ ನೋಡಿದ. ಎಡಗಣ್ಣು ಸ್ವಲ್ಪ ಸಣ್ಣದಾಯಿತು. ಆ ನೋಟ ಕಾಂತಿಗೆ ಚೆನ್ನಾಗಿ ಗೊತ್ತು. ಈಗ ಏನೋ ಒಂದು ಬರುತ್ತದೆ.

“ಹನ್ನೊಂದು ವರ್ಷ ಆಯ್ತು ಡಾಕ್ಟ್ರೇ. ಇವಳನ್ನು ನೋಡಿದಂದಿನಿಂದ.”

“ಸುಮ್ಮನೆ ಮಲಗಿ ಮಾರಾಯ್ರೆ,” ಎಂದು ಕಾಂತಿ ಅವನ ಕಾಲ್ಬೆರಳು ಚಿವುಟಿದಳು. ಡಾಕ್ಟರು ನಕ್ಕರು. ಕೇಸ್ ಶೀಟ್ ಹಿಡಿದಿದ್ದ ಹೊಸ ನರ್ಸ್ ಮುರ್ಶಿದಾ ಕೂಡ ನಕ್ಕಳು, ನಗುತ್ತಲೇ ಏನೋ ಬರೆದಳು.

ಶೇಖರ ಮೈಕ್‌ಸೆಟ್ಟಿನವ, ಅಂಗಡಿ ಲಾಯಿಲದಲ್ಲಿ. ನಾರಾವಿಯ ಶಾಲಾ ವಾರ್ಷಿಕೋತ್ಸವದಲ್ಲಿ ಸ್ವಾಗತ ಭಾಷಣಕ್ಕೆ ನಿಂತಿದ್ದ ಕಾಂತಿ ಟೀಚರ ಮುಂದೆ, ಮೈಕಿನ ಎತ್ತರ ಸರಿಮಾಡುವ ನೆಪದಲ್ಲಿ ಮೂರು ಸಲ ಬಂದು ಹೋದವ. ನಾಲ್ಕನೆಯ ಸಲಕ್ಕೆ ಅವಳು, “ಮೈಕ್ ಸರಿ ಉಂಟು, ನೀವು ಕೂತ್ಕೊಳ್ಳಿ” ಎಂದದ್ದು ಇಡೀ ಊರಿಗೆ ಕೇಳಿತ್ತು. ಮದುವೆಯಾದ ಮೇಲೂ ಅವನು ಪ್ರೀತಿ ಎನ್ನುವ ಶಬ್ದವನ್ನು ನೇರವಾಗಿ ಆಡಿದವನಲ್ಲ. ಎಲ್ಲವೂ ಕೀಟಲೆಯಲ್ಲೇ. ಅವಳ ಉತ್ತರವೂ ಅಷ್ಟೇ, ಒಂದು ಚಿವುಟು.

ಸ್ಟೆಂಟ್ ಹಾಕಿ ಮನೆಗೆ ಕಳಿಸಿದರು. ತಿಂಗಳು ಕಳೆದು ವಿಮಾ ಕಂಪೆನಿಯ ಪತ್ರ ಬಂತು. ಪಾಲಿಸಿ ಮಾಡಿಸಿ ಮೂರು ವರ್ಷ, ಕೇಸ್ ಶೀಟಿನಲ್ಲಿ ಎದೆನೋವು ಹನ್ನೊಂದು ವರ್ಷದಿಂದ ಎಂದಿದೆ. ಸತ್ಯ ಮರೆಮಾಚಿ ಪಾಲಿಸಿ ಪಡೆದ ಕಾರಣ ಕ್ಲೇಮ್ ತಿರಸ್ಕರಿಸಲಾಗಿದೆ.

ಶೇಖರ ಮೊದಲು ನಕ್ಕ. ಆಮೇಲೆ ನಗಲಿಲ್ಲ.

“ನಾನು ಕಳ್ಳನಾ? ಬೇರೆಯವರ ವಯರು ನನ್ನ ಸುರುಳಿಯಲ್ಲಿ ಸಿಕ್ಕಿ ಬಂದ್ರೆ ಮರುದಿನವೇ ಕೊಂಡುಹೋಗಿ ಕೊಟ್ಟವ ನಾನು.”

ವಿಮಾ ಲೋಕಪಾಲರಿಗೆ ಅಪೀಲು ತಾನೇ ಕೂತು ಬರೆದ. ವಿಚಾರಣೆಯ ದಿನ ಗೊತ್ತಾಗುವ ಮೊದಲೇ ಎರಡನೆಯ ಸಲ ಎದೆ ನೋಯಿತು. ಈ ಸಲ ಬಂಟ್ವಾಳದ ತನಕ ಹೋಗಲಿಕ್ಕಾಗಲಿಲ್ಲ.

ಅವನ ಹೆಸರಿಗೆ ವಿಚಾರಣೆಯ ನೋಟಿಸು ಬಂದದ್ದು ಉತ್ತರಕ್ರಿಯೆ ಮುಗಿದ ಮರುದಿನ.

“ಬಿಡು ಮಾರಾಯ್ತಿ,” ಎಂದ ಶೇಖರನ ಅಣ್ಣ, ಹೆಸರೂ ಅಣ್ಣು. “ಹೋದವನ ಹೆಸರಲ್ಲಿ ಇನ್ನೆಂಥ ಅಪೀಲು?”

“ನನ್ನ ಹೆಸರಲ್ಲಿ ಮುಂದುವರಿಸ್ಲಿಕ್ಕೆ ಆಗ್ತದಂತೆ ಭಾವ. ಮರಣ ಪ್ರಮಾಣಪತ್ರ, ವಾರಸುದಾರರ ಅಫಿಡವಿಟ್ ಕೊಡ್ಬೇಕಂತೆ. ದುಡ್ಡಿಗಲ್ಲ. ಸುಳ್ಳು ಹೇಳಿದ್ರು ಅಂತ ಬರೆದಿದ್ದಾರಲ್ಲ, ಅದು ಹಾಗೆಯೇ ಉಳಿಯುವುದು ಬೇಡ.”

ಮುರ್ಶಿದಾ ಈಗ ಮೂಡುಬಿದಿರೆಯ ಒಂದು ಕ್ಲಿನಿಕ್ಕಿನಲ್ಲಿದ್ದಳು. ಗುರುವಾಯನಕೆರೆಯಲ್ಲಿ ಬಸ್ಸು ಹಿಡಿದು ಕಾಂತಿ ಅಲ್ಲಿಗೆ ಹೋದಳು.

“ತಮಾಷೆ ಅಂತ ಗೊತ್ತಿತ್ತು ಕಾಂತಿಯಕ್ಕ,” ಎಂದಳು ಮುರ್ಶಿದಾ, ತಲೆ ಎತ್ತದೆ. “ಕೆಲಸಕ್ಕೆ ಸೇರಿ ನಾಲ್ಕು ದಿನ ಆಗಿತ್ತು. ರೋಗಿ ಹೇಳಿದ ಹಾಗೆಯೇ ಬರೀಬೇಕು ಅಂತ ಕಲಿಸಿದ್ರು. ಎಷ್ಟು ವರ್ಷ ಅಂತ ಬರೀಲಿಕ್ಕೆ ಕಾಲಂ ಇತ್ತು. ಉಳಿದದ್ದಕ್ಕೆ ಇರ್ಲಿಲ್ಲ.”

ನಡೆದದ್ದನ್ನೆಲ್ಲ ಒಂದು ಪತ್ರದಲ್ಲಿ ಬರೆದು ಸಹಿ ಹಾಕಿ ಕೊಟ್ಟಳು. “ಡಿಸ್ಚಾರ್ಜ್ ದಿನ ಯಾರಾದ್ರೂ ಓದಿ ಹೇಳಿದ್ರೆ ಆವಾಗಲೇ ತಿದ್ದಬಹುದಿತ್ತು.”

ಕಾಂತಿ ಪತ್ರವನ್ನು ಮಡಚಿ ಚೀಲಕ್ಕೆ ಹಾಕಿದಳು. ಕೇಸ್ ಶೀಟನ್ನು ಅವಳು ಅಂದೇ ಓದಿದ್ದಳು. ಫೈಲಿನಲ್ಲಿ ಆ ಸಾಲು ಕಂಡು ಕೌಂಟರಿನ ಬಳಿ ಒಬ್ಬಳೇ ನಕ್ಕಿದ್ದಳು. ಅಷ್ಟು ವರ್ಷ ಅವನು ಗಾಳಿಗೆ ಆಡಿದ ಮಾತುಗಳಲ್ಲಿ ಅದೊಂದು ಮಾತ್ರ ಕಾಗದಕ್ಕೆ ಬಂದಿತ್ತು, ಅದೂ ಆಸ್ಪತ್ರೆಯ ಸೀಲು ಸಮೇತ. ತಿದ್ದಿಸಲು ಮನಸ್ಸು ಬರಲಿಲ್ಲ. ಮುಂದೆ ಕಂಪೆನಿಯ ಪತ್ರ ಬಂದು ಶೇಖರ ಆ ನರ್ಸಿಗೆ ಬೈಯುವಾಗಲೂ ಬಾಯಿ ಬಿಡಲಿಲ್ಲ.

ವಿಚಾರಣೆ ವಿಡಿಯೋ ಕಾಲಿನಲ್ಲಿ ನಡೆಯಿತು. ಅಂಗಡಿಯ ಸ್ಪೀಕರ್ ಪೆಟ್ಟಿಗೆಗೆ ಫೋನ್ ಒರಗಿಸಿ ಕಾಂತಿ ಕೂತಳು.

“ಒಂದೋ ಅವರಿಗೆ ಮೊದಲಿಂದ ನೋವು ಇತ್ತು, ಇಲ್ಲ ಡಾಕ್ಟರಿಗೆ ಸುಳ್ಳು ಹೇಳಿದರು,” ಎಂದ ಕಂಪೆನಿಯವ. “ಯಾವುದು ಮೇಡಂ?”

“ಎರಡೂ ಅಲ್ಲ ಸರ್.” ದಿನಾ ಪಾಠ ಮಾಡುವ ಹಾಗೆ ಒಂದೊಂದೇ ವಾಕ್ಯ ಬಿಡಿಸಿ ಹೇಳಿದಳು. “ಅವರಿಗೆ ಹೃದಯದ ಕಾಯಿಲೆ ಇರಲಿಲ್ಲ. ನಾವು ಪರಿಚಯವಾಗಿ ಹನ್ನೊಂದು ವರ್ಷ. ನನ್ನ ಮೇಲೆ ಅವರಿಗೆ ಪ್ರೀತಿ ಇತ್ತು. ಅದನ್ನು ಹಾಗೆ ಹೇಳುತ್ತಿದ್ದರು.”

ಫೋನಿನಲ್ಲಿ ಯಾರದೋ ಕುರ್ಚಿ ಸರಿದ ಸದ್ದು ಕೇಳಿತು.

“ಆ ಸಾಲನ್ನು ನಾನು ಡಿಸ್ಚಾರ್ಜ್ ದಿನವೇ ಓದಿದ್ದೆ ಸರ್. ತಿದ್ದಿಸಬಹುದಿತ್ತು. ಚಂದ ಕಂಡಿತು, ಬಿಟ್ಟೆ. ತಪ್ಪು ನನ್ನದು, ಅವರದ್ದಲ್ಲ.” ಅಲ್ಲಿಗೆ ನಿಲ್ಲಿಸಬೇಕೆಂದಿದ್ದಳು, ಆಗಲಿಲ್ಲ. “ನನಗೂ ಅವರ ಮೇಲೆ ಅಷ್ಟೇ ಇತ್ತು. ಒಂದು ದಿನವೂ ಹೇಳಲಿಲ್ಲ.”

“ಬರೆದುಕೊಂಡಿದ್ದೇನೆ ಅಮ್ಮ,” ಎಂದರು ಲೋಕಪಾಲರು, ತುಂಬ ಮೆಲ್ಲಗೆ.

ಆರು ವಾರದ ನಂತರ ಆದೇಶ ಬಂತು. ಕ್ಲೇಮ್ ಮಂಜೂರು. ಅದರ ಕೆಳಗೆ: ‘ಪತ್ನಿಯನ್ನು ಉದ್ದೇಶಿಸಿ ಆಡಿದ ಲಘು ಮಾತು. ಸತ್ಯ ಮರೆಮಾಚಿದ ಆರೋಪ ನಿಲ್ಲುವುದಿಲ್ಲ.’ ಲಘು ಎನ್ನುವ ಶಬ್ದ ಸ್ವಲ್ಪ ಚುಚ್ಚಿತು. ಆದರೂ ಮೂರು ಸಲ ಓದಿ ಭಾವನಿಗೆ ಫೋನ್ ಮಾಡಿದಳು.

“ಏನು ಬಂತು?” ಎಂದು ಕೇಳಿದ ಅಣ್ಣು.

“ಇವರು ಸುಳ್ಳು ಹೇಳಿಲ್ಲ ಅಂತ ಬಂತು ಭಾವ.”

ಇವರು ಎಂದುಬಿಟ್ಟಿದ್ದಳು, ಪಕ್ಕದಲ್ಲೇ ನಿಂತವರ ಬಗ್ಗೆ ಹೇಳುವ ಹಾಗೆ. ನಾಲಗೆ ಕಚ್ಚಿಕೊಂಡಳು.

ಅಣ್ಣು ತಿದ್ದಲಿಲ್ಲ. “ಹಾಗಾದ್ರೆ ಹೇಳು ಅವನಿಗೆ,” ಎಂದ.