ಎರಡು ತಲೆಯ ಅಜ್ಜಿ, ಒಂದು ತುಕ್ಕು ಟ್ಯಾಂಕು

ಟ್ಯಾಂಕಿನ ಫಿರಂಗಿಯ ಮೂತಿಗೆ ಒಣಗಲು ಹಾಕಿದ್ದ ಅಜ್ಜಿಯ ಹೂವಿನ ಚಡ್ಡಿಯನ್ನು ನೆಸ್ಟಾ ಎಳೆದುಕೊಳ್ಳುವಷ್ಟರಲ್ಲಿ ಅವಳ ಇಡೀ ಐದನೇ ಕ್ಲಾಸು ಅಂಗಳಕ್ಕೆ ಬಂದುಬಿಟ್ಟಿತ್ತು.

"ಅದು ಯಾವ ದೇಶದ ಬಾವುಟ?" ಅಂತ ಮೊಫಟ್ ಕೇಳಿದ.

ನೆಸ್ಟಾ ಚಡ್ಡಿಯನ್ನು ಬೆನ್ನ ಹಿಂದೆ ಮುದುರಿ ಹಿಡಿದುಕೊಂಡಳು.

ಅವರ ಗ್ವಾಡಲ್‌ಕನಾಲ್ ದ್ವೀಪದಲ್ಲಿ ಬಹಳ ಹಿಂದೆ ದೊಡ್ಡ ಯುದ್ಧ ನಡೆದಾಗ ಸೈನಿಕರು ಬಿಟ್ಟುಹೋದ ಟ್ಯಾಂಕ್ ಅದು. ತುಕ್ಕು ಹಿಡಿದು ಅಜ್ಜಿಯ ಅಂಗಳದಲ್ಲೇ ಕೂತಿತ್ತು. ಶಾಲೆಗೆ ಹೊಸದಾಗಿ ಬಂದ ಟ್ಯಾಬ್ಲೆಟ್‌ಗೆ ಬೆಡ್‌ಫೋರ್ಡ್ ಸರ್ ಒಂದು ಆ್ಯಪ್ ಹಾಕಿದ್ದರು. ಟ್ಯಾಂಕಿನ ಸುತ್ತ ನಡೆಯುತ್ತ ಫೋಟೊ ತೆಗೆದರೆ ಸಾಕು, ಬೆರಳಲ್ಲಿ ಹೇಗೆ ಬೇಕಾದರೂ ತಿರುಗಿಸಿ ನೋಡುವಂಥ ಟ್ಯಾಂಕನ್ನು ಆ್ಯಪ್ ಮಾಡಿಕೊಡುತ್ತಿತ್ತು. ಶುಕ್ರವಾರ ಅದನ್ನು ಪಕ್ಕದ ಮಲೈಟಾ ದ್ವೀಪದ ಶಾಲೆಗೆ ವಿಡಿಯೊ ಕಾಲ್‌ನಲ್ಲಿ ತೋರಿಸಿ ಇತಿಹಾಸದ ಪಾಠ ಮಾಡಬೇಕಿತ್ತು.

ಯುದ್ಧದಲ್ಲಿ ಹೇಗಿತ್ತೋ ಹಾಗೇ ಕಾಣಬೇಕು, ಕೋಳಿಗಳನ್ನು ಓಡಿಸಿ ಅಂದರು ಸರ್. ಟ್ಯಾಂಕಿನೊಳಗೆ ಕಾವಿಗೆ ಕೂತಿದ್ದ ಕೆಂಪು ಕೋಳಿ ಮಾತ್ರ ಮೊಫಟ್‌ನ ಕೈ ಕುಕ್ಕಿ ಅಲ್ಲೇ ಉಳಿಯಿತು. ಅಜ್ಜಿಯೂ ಏಳಲಿಲ್ಲ. ಟ್ಯಾಂಕಿಗೆ ಒರಗಿ ಮರಗೆಣಸು ತುರಿಯುತ್ತಿದ್ದಳು.

ಇದು ಇತಿಹಾಸ, ಸ್ವಲ್ಪ ಹೊತ್ತು ಪಕ್ಕಕ್ಕೆ ಕೂರಬಹುದಾ ಅಂತ ಸರ್ ಮೆಲ್ಲಗೆ ಕೇಳಿದರು.

"ಯುದ್ಧ ಬಂತು, ಹೋಯ್ತು. ನೆರಳು ಇರೋದು ಇಲ್ಲಿ," ಅಂದಳು ಅಜ್ಜಿ. "ನೀನು ಸುತ್ತು ಹೊಡಿ ಮಗಾ, ನಾನು ಅಲ್ಲಾಡಲ್ಲ."

ಅಲ್ಲಾಡದೆ ಇರುತ್ತಾಳೆಯೇ? ಸೊಳ್ಳೆ ಹೊಡೆದಳು, ಬೆನ್ನು ಕೆರೆದುಕೊಂಡಳು, ಆಮೇಲೆ ಜೋರಾಗಿ ಸೀನಿದಳು.

ಶುಕ್ರವಾರ ಪರದೆಯ ಮೇಲೆ ಟ್ಯಾಂಕ್ ಚೆನ್ನಾಗಿಯೇ ಮೂಡಿತು. ಆದರೆ ಅದಕ್ಕೆ ಒರಗಿದ್ದ ಅಜ್ಜಿಗೆ ಎರಡು ತಲೆ, ಮೂರು ಕೈ! ಸರ್ ಹಣೆ ಒರೆಸಿಕೊಂಡರು. ಮಲೈಟಾದವರು ಆಗಲೇ ಲೈನಿನಲ್ಲಿದ್ದರು.

"ನಿಮ್ಮಜ್ಜಿಗೆ ಎರಡು ಟೂತ್‌ಬ್ರಶ್ಶಾ?" ಮೊಫಟ್ ಪಿಸುಗುಟ್ಟಿದ. ನೆಲ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡೋಣ ಅನ್ನಿಸಿತು ನೆಸ್ಟಾಗೆ.

ಸರ್ ಇಸವಿ ಹೇಳಿದರು, ಹಡಗುಗಳ ಲೆಕ್ಕ ಹೇಳಿದರು, ಸೇನಾಪತಿಗಳ ಹೆಸರು ಹೇಳಿದರು. ಆ ಕಡೆಯ ಮಕ್ಕಳು ಸಾಲಾಗಿ ಆಕಳಿಸಿದರು. ಪ್ರಶ್ನೆ ಇದೆಯಾ ಅಂದಾಗ ಮುಂದಿನ ಬೆಂಚಿನ ಪುಟ್ಟ ಹುಡುಗಿಯೊಬ್ಬಳು ಕೈ ಎತ್ತಿದಳು.

"ಆ ಎರಡು ತಲೆಯವರು ಯಾರು?"

ಎರಡೂ ಕಡೆ ನಗು. ನೆಸ್ಟಾ ಯಾವಾಗ ಎದ್ದು ನಿಂತಳೋ ಅವಳಿಗೇ ಗೊತ್ತಾಗಲಿಲ್ಲ.

"ನಮ್ಮಜ್ಜಿ. ಅಲ್ಲಾಡಿದ್ದಕ್ಕೆ ಹಂಗೆ ಬಂದಿದೆ. ತಲೆ ಒಂದೇ ಇರೋದು."

"ಆ ಹಳೇ ಟ್ಯಾಂಕ್ ಯಾಕೆ ಇಟ್ಕೊಂಡಿದಾರೆ?"

ನೆಸ್ಟಾ ಹೇಳಿದಳು. ಅಪ್ಪ ಪುಟ್ಟ ಮಗುವಾಗಿದ್ದಾಗ ಸೈಕ್ಲೋನ್ ಬಂದಿತ್ತಂತೆ. ಮನೆಯ ಚಾವಣಿ ಹಾರಿಹೋದಾಗ ಅಜ್ಜಿ ಅಪ್ಪನನ್ನೂ ಪಕ್ಕದ ಮನೆಯ ಮಕ್ಕಳನ್ನೂ ಟ್ಯಾಂಕಿನೊಳಗೆ ತುರುಕಿ, ತಾನೂ ಇಳಿದು ಮುಚ್ಚಳ ಎಳೆದುಕೊಂಡಳಂತೆ. ಬೆಳಗ್ಗೆ ನೋಡಿದರೆ ಊರಲ್ಲಿ ಉಳಿದಿದ್ದು ಚರ್ಚಿನ ಮೆಟ್ಟಿಲು ಮತ್ತು ಆ ಟ್ಯಾಂಕು.

ಜೋರು ಗಾಳಿ ಬೀಸಿದಾಗಲೆಲ್ಲ ಅಜ್ಜಿ ಈ ಕತೆ ಶುರುಮಾಡುತ್ತಿದ್ದಳು. ನೆಸ್ಟಾ ಕಿವಿ ಮುಚ್ಚಿಕೊಂಡು ಓಡುತ್ತಿದ್ದಳು. ಈಗ ಎರಡು ದ್ವೀಪಗಳಲ್ಲೂ ಎಲ್ಲರೂ ಮುಂದಕ್ಕೆ ಬಾಗಿ ಕೇಳುತ್ತಿದ್ದರು. ಮೊಫಟ್ ಕೂಡ.

"ಒಳಗೆ ನಿಮ್ಮಪ್ಪ ಅತ್ರಾ?" ಪುಟ್ಟ ಹುಡುಗಿ ಕೇಳಿದಳು.

ಅದನ್ನು ನೆಸ್ಟಾ ಯಾವತ್ತೂ ಕೇಳಿರಲಿಲ್ಲ. "ಕೇಳಿ ಹೇಳ್ತೀನಿ," ಅಂದಳು.

ಸಂಜೆ ಮನೆಗೆ ಹೋದವಳೇ ಕೇಳಿದಳು. ಮರಗೆಣಸು ತುರಿಯುತ್ತಿದ್ದ ಅಜ್ಜಿಯ ಕೈ ನಿಂತಿತು. ಅವಳು ಮೊಮ್ಮಗಳ ಮುಖವನ್ನೇ ನೋಡಿದಳು.

"ಅಳಲಿಲ್ಲ. ನನ್ನ ಮಡಿಲಲ್ಲಿ ಉಚ್ಚೆ ಹೊಯ್ದ. ಆ ರಾತ್ರಿ ಬೆಚ್ಚಗಿದ್ದಿದ್ದು ಅದೊಂದೇ."

ಬಲೆ ಹೊಲಿಯುತ್ತಿದ್ದ ಅಪ್ಪ ತಲೆ ಬಗ್ಗಿಸಿ, ಇಲ್ಲದ ತೂತು ಹುಡುಕತೊಡಗಿದ.

ನೆಸ್ಟಾ ನಕ್ಕೂ ನಕ್ಕೂ ಸುಸ್ತಾದಳು. ಆಮೇಲೆ ಸರಿದು ಬಂದು ಅಜ್ಜಿಯ ಪಕ್ಕ ಕೂತಳು.

"ಮುಚ್ಚಳ ತೆಗೆದಾಗ ಮೊದಲು ಏನು ಕಾಣಿಸ್ತು ಅಜ್ಜಿ?"