ಎಡಗಡೆಯ ಬ್ರೇಕ್

"ಏನಾಗಿದೆ ನಿನಗೆ, ಬಾಯಿ ಬಿಟ್ಟು ಹೇಳಬಾರದಾ?"

ಹಳೆಯ ಟ್ರ್ಯಾಕ್ಟರಿನ ಕೆಳಗೆ ಅಂಗಾತ ಮಲಗಿದ್ದ ಮೆಕ್ಯಾನಿಕ್ ಹುಡುಗಿ ಯಾರಿಗೆಂದೂ ಇಲ್ಲದೆ ಕೇಳಿದಳು. ಕೆಲಸ ಮಾಡುತ್ತ ಹೀಗೆ ಮಾತಾಡುವುದು ಅವಳಿಗೆ ಅಪ್ಪನಿಂದ ಬಂದ ರೂಢಿ.

"ನನಗಾ? ಏನೂ ಇಲ್ವಲ್ಲ!" ಚಕ್ರದ ಪಕ್ಕ ನಿಂತಿದ್ದ ಗಾಡಿಯ ಯಜಮಾನ ಗಾಬರಿಬಿದ್ದ.

ಅವಳಿಗೆ ಕಾಣುತ್ತಿದ್ದದ್ದು ಅವನ ಪಾದಗಳು ಮಾತ್ರ. ನಾಚಿಕೊಂಡಂತೆ ಅವು ಒಂದರ ಮೇಲೊಂದು ಏರಿದವು. ನಗು ನುಂಗಿಕೊಂಡು ಹೊರಗೆ ಬಂದಳು.

"ನಿಮ್ಮನ್ನಲ್ಲ ಕೇಳಿದ್ದು. ಹತ್ತಿ, ಸ್ವಲ್ಪ ಓಡಿಸಿ. ಎರಡೂ ಬ್ರೇಕ್ ಸೇರಿಸಿ ಒತ್ತಿ."

ಒತ್ತಿದೊಡನೆ ಕರಕರ ಸದ್ದು. ಗಾಡಿ ಬಲಕ್ಕೆ ಎಳೆದು ನಿಂತಿತು. ಪದ್ಯ ಓದುವವರು ಎಲ್ಲಿ ಉಸಿರು ತೆಗೆದುಕೊಂಡರೆಂದು ಆಲಿಸುವವರ ಹಾಗೆ ಅವಳು ಕಣ್ಣು ಮುಚ್ಚಿದಳು.

"ಈಗ ಬಲಗಡೆಯದು ಮಾತ್ರ." ಸದ್ದಿಲ್ಲ.

"ಎಡಗಡೆಯದು." ಕರಕರ.

"ಕಾಯಿಲೆ ಎಡಗಡೆಯದೇ."

ಮನೆಯ ಬಾಗಿಲಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದ ಅವನ ಅಮ್ಮ ತಲೆಯೆತ್ತಿದರು. "ಡಾಕ್ಟ್ರಮ್ಮ, ಪಟ್ಟಣದ ದೊಡ್ಡ ವರ್ಕ್‌ಶಾಪಿನವರು ಕರೆದಿದ್ದಾರಂತೆ?"

"ಹೌದಮ್ಮ. ಸಂಜೆಯೊಳಗೆ ಉತ್ತರ ಕೊಡಬೇಕು."

"ಹೋಗ್ತೀಯಾ?"

"ಇರು ಅನ್ನೋರು ಯಾರೂ ಇಲ್ವಲ್ಲ," ಎಂದಳು, ಚಕ್ರದ ನಟ್ ನೋಡುತ್ತ.

ಅಪ್ಪನ ರಿಪೇರಿ ಶೆಡ್ಡನ್ನು ಬಿಟ್ಟು ಹೋಗುವ ಮನಸ್ಸು ಅವಳಿಗಿರಲಿಲ್ಲ. ಆದರೆ ಇಷ್ಟು ದಿನ ಅಲ್ಲಿಗೆ ಬಂದು ಹೋದರೂ ಈ ಮನುಷ್ಯ ಡೀಸೆಲ್, ಆಯಿಲ್ ದಾಟಿ ಒಂದು ಮಾತು ಆಡಿದ್ದಿಲ್ಲ. ಒಂದೇ ಒಂದು ಮಾತು ಸಾಕಿತ್ತು. ಅವನು ಸ್ಪ್ಯಾನರ್ ಚಾಚಿದ, ಅಷ್ಟೇ.

ಎಡಗಡೆಯ ಡ್ರಮ್ ಬಿಚ್ಚಿದಳು. ಒಳಗಿನ ಲೈನಿಂಗ್ ಪಟ್ಟಿ ಪೂರ್ತಿ ಸವೆದು, ಅದನ್ನು ಹಿಡಿದಿದ್ದ ರಿವೆಟ್‌ಗಳೇ ಉಜ್ಜುತ್ತಿದ್ದವು. ಬಲಗಡೆಯದು ಬಿಚ್ಚಿದರೆ, ಹೊಸತರ ಹಾಗಿದೆ!

"ತಿರುಗಿಸುವಾಗ ಎಡಗಡೆಯ ಪೆಡಲ್ ಒಂದನ್ನೇ ಒತ್ತುತ್ತೀರಿ. ಹೊಲದಲ್ಲಿ ಯಾವಾಗಲೂ ಎಡಕ್ಕೇ ತಿರುಗ್ತೀರಾ?"

"ರೂಢಿ."

"ಯಾರ ರೂಢಿ?" ಅಮ್ಮ ನಕ್ಕರು. "ನಿಮ್ಮಪ್ಪ ಎರಡೂ ಕಡೆ ತಿರುಗಿಸ್ತಿದ್ರು. ಹೇಳೋ, ಬಾಯಲ್ಲಿ ಬಟಾಣಿ ಇಟ್ಕೊಂಡಿದ್ದೀಯಾ?"

ಅವನು ಶುಭ್ರವಾಗಿದ್ದ ಕೈಗಳನ್ನೇ ಮತ್ತೆ ಮತ್ತೆ ಒರೆಸಿಕೊಂಡ. ಕಿವಿ ಕೆಂಪಾಗಿತ್ತು.

"ಎಡಕ್ಕೆ ತಿರುಗಿದ್ರೆ... ನಿಮ್ಮ ಶೆಡ್ ಕಾಣುತ್ತೆ."

ಅವಳ ಕೈ ಡ್ರಮ್ಮಿನ ಮೇಲೇ ನಿಂತಿತು.

"ಬಲಕ್ಕೆ ತಿರುಗಿದ್ರೆ?"

"ಬರೀ ಬೇಲಿ."

"ಒಲೆ ಮೇಲೆ ನೀರಿಟ್ಟಿದ್ದೆ," ಎನ್ನುತ್ತ ಅಮ್ಮ ಬಟ್ಟಲೆತ್ತಿಕೊಂಡು ಒಳಗೆ ನಡೆದರು. ಒಲೆ ಹೊತ್ತಿಸಿಯೇ ಇರಲಿಲ್ಲ.

ಹೊಸ ಲೈನಿಂಗ್ ಕೂರಿಸುವಾಗ ಸ್ಪ್ರಿಂಗ್ ಹಿಡಿಯಲು ಅವನು ಕೈ ಕೊಟ್ಟ. ಅವನ ಮಣಿಕಟ್ಟಿನ ಮೇಲೆ ಅವಳ ಬೆರಳಿನ ಗ್ರೀಸ್ ಮೂಡಿತು. ಅವಳೂ ಒರೆಸಲಿಲ್ಲ, ಅವನೂ ಒರೆಸಿಕೊಳ್ಳಲಿಲ್ಲ. ಈ ಸಲ ಬ್ರೇಕ್ ಒತ್ತಿದರೆ ಗಾಡಿ ನೆಟ್ಟಗೆ, ಮೌನವಾಗಿ ನಿಂತಿತು.

ಅವನು ಕೆಳಗಿಳಿದು, ನೆಲ ನೋಡುತ್ತ, ಎಲ್ಲ ಧೈರ್ಯ ಕೂಡಿಸಿಕೊಂಡ.

"ನೀವು ಹೋದ್ಮೇಲೆ ನಾನೇ ಮಾಡ್ಕೋಬೇಕಲ್ಲ. ಬ್ರೇಕ್ ಹೊಂದಿಸೋದು ಸ್ವಲ್ಪ ಕಲಿಸಿಕೊಡ್ತೀರಾ?"

ಅವಳು ಅವನ ಮುಖವನ್ನೇ ನೋಡಿದಳು, ಅವನು ಕಣ್ಣೆತ್ತುವವರೆಗೂ.

"ಇಲ್ಲ," ಎಂದಳು. "ಕಲಿಸೋದಿಲ್ಲ. ಕೆಟ್ಟಾಗ ನನ್ನನ್ನೇ ಕರೀರಿ."